ಹುಣ್ಣಾಗಲು ರೋಗಿಯೇ ಕಾರಣವಂತೆ!

ಮಾನ್ಯ ಸಂಪಾದಕರೇ,

ದೊಡ್ಡಾಸ್ಪತ್ರೆಯ ಐಸಿಯು ಮುಂದೆ ಮೊನ್ನೆ ನಡೆದ ಗಲಾಟೆಯ ಸುದ್ದಿ ಓದಿದೆ. ಗಾಜು ಒಡೆದದ್ದು ತಪ್ಪೇ. ಆದರೆ ಸುದ್ದಿಯ ಕೊನೆಯಲ್ಲಿ ಆಸ್ಪತ್ರೆಯ ಸಾಹೇಬರ ಮಾತಿದೆಯಲ್ಲ, ಅದನ್ನು ಓದಿ ಮೈ ಉರಿಯಿತು. ರೋಗಿಗೆ ವಯಸ್ಸಾಗಿತ್ತು, ಶುಗರ್ ಇತ್ತು, ವೆಂಟಿಲೇಟರ್‌ನಲ್ಲಿದ್ದರು, ಇಂಥವರಿಗೆ ಬೆಡ್ ಸೋರ್ (ಮಲಗಿದಲ್ಲೇ ಮೈ ಒತ್ತಿ ಆಗುವ ಹುಣ್ಣು) ಸಹಜ, ಮನೆಯವರೂ ಗಮನಿಸಬೇಕಿತ್ತು ಎಂದಿದ್ದಾರೆ.

ಮನೆಯವರು ಎಲ್ಲಿಂದ ಗಮನಿಸಬೇಕು ಸ್ವಾಮಿ, ಗಾಜಿನ ಬಾಗಿಲ ಹೊರಗಿನಿಂದಲೇ? ಹೋದ ತಿಂಗಳು ನಮ್ಮ ಅತ್ತೆ ಅದೇ ಐಸಿಯುನಲ್ಲಿದ್ದರು. ನ್ಯುಮೋನಿಯಾ. ಸಂಜೆ ಒಂದು ಹೊತ್ತು, ಒಬ್ಬರಿಗೆ ಪಾಸ್, ಅದೂ ಸೆಕ್ಯುರಿಟಿಯವನ ಮೂಡ್ ಚೆನ್ನಾಗಿದ್ದರೆ. ಒಳಗೆ ಹೋದರೆ ಕತ್ತಿನ ತನಕ ಹೊದಿಕೆ. ಎತ್ತಿ ನೋಡಲು ಹೋದರೆ "ಮುಟ್ಟಬೇಡಿ ಅಮ್ಮಾ, ಇನ್‌ಫೆಕ್ಷನ್ ಆಗುತ್ತೆ" ಎಂದು ಗದರಿಕೆ. ವಾರ್ಡಿಗೆ ಕಳಿಸಿದ ದಿನ ಡೈಪರ್ ಬದಲಿಸುವಾಗಲೇ ನಾನು ನೋಡಿದ್ದು. ಸೊಂಟದ ಕೆಳಗೆ, ಬಾಲಮೂಳೆಯ ಮೇಲೆ, ಅಂಗೈಯಗಲ ಕಪ್ಪಗಾಗಿ ಕೊಳೆತಿತ್ತು. ಎರಡೂ ಹಿಮ್ಮಡಿಯಲ್ಲಿ ನೀರುಗುಳ್ಳೆ. ಮೂಗಿನ ಮೇಲೆ ಮಾಸ್ಕ್ ಒತ್ತಿದ ಗಾಯ. ಕೇಳಿದರೆ, "ಅದು ಬಂದೇ ಬರುತ್ತೆ ಅಮ್ಮಾ, ಪೌಡರ್ ಹಾಕಿ."

ಬಂದೇ ಬರುತ್ತೆ ಅಂತ ಗೊತ್ತಿದ್ದರೆ ಮೊದಲೇ ತಡೆಯಬೇಕಲ್ವಾ? ನಮ್ಮ ಓಣಿಯಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳಿದ್ದಾಳೆ. ಅವಳು ಹೇಳಿದ್ದು: ಯಾರಿಗೆ ಇಂಥ ಹುಣ್ಣಾಗುವ ಅಪಾಯವಿದೆ ಅಂತ ಮೊದಲೇ ತಿಳಿಯಲು ಬ್ರೇಡನ್ ಸ್ಕೇಲ್ ಅಂತ ಒಂದು ಲೆಕ್ಕವಿದೆಯಂತೆ, 1987ರಿಂದಲೂ ಇದೆ. ರೋಗಿಗೆ ಸ್ಪರ್ಶ ತಿಳಿಯುತ್ತದೆಯೇ, ಮೈ ಒದ್ದೆ ಇರುತ್ತದೆಯೇ, ಅಲುಗಾಡುತ್ತಾರೆಯೇ, ಹೊಟ್ಟೆಗೆ ಸೇರುತ್ತಿದೆಯೇ ಎಂದೆಲ್ಲ ನೋಡಿ 23ಕ್ಕೆ ಅಂಕ ಹಾಕುತ್ತಾರೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಷಾರಾಗಿರಬೇಕು. ಅಂದರೆ ವಯಸ್ಸು, ಶುಗರ್, ವೆಂಟಿಲೇಟರ್ ಎಲ್ಲ ಮೊದಲ ದಿನವೇ ಎಚ್ಚರಿಕೆ ವಹಿಸಲು ಇರುವ ಕಾರಣಗಳು. ನಮ್ಮ ಸಾಹೇಬರು ಅವನ್ನೇ ಹುಣ್ಣಾದ ಮೇಲೆ ಪತ್ರಿಕೆಗೆ ಕೊಡುವ ನೆಪ ಮಾಡಿಕೊಂಡಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಿದ್ದೆಯಲ್ಲೂ ನಾವು ಹೊರಳುತ್ತಲೇ ಇರುತ್ತೇವೆ. ಮತ್ತಿನ ಔಷಧಿ ಕೊಟ್ಟವರಿಗೆ ನೋವೇ ತಿಳಿಯಲ್ಲ, ಹೊರಳುವುದೆಲ್ಲಿಂದ? ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ನಜ್ಜಾಗಿ ರಕ್ತ ನಿಲ್ಲುತ್ತದೆ. ಬಿಪಿ ಬಿದ್ದಾಗ ಏರಿಸಲು ಕೊಡುವ ಔಷಧಿ ಚರ್ಮಕ್ಕೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತದೆ. ಶ್ವಾಸಕೋಶಕ್ಕೆ ಸೋಂಕಾಗಬಾರದು ಅಂತ ತಲೆ ಕಡೆ ಎತ್ತರಿಸಿ ಮಲಗಿಸುತ್ತಾರೆ, ಸರಿ. ಆದರೆ ಮೈ ಕೆಳಕ್ಕೆ ಜಾರುತ್ತದೆ, ಬೆನ್ನಿನ ಚರ್ಮ ಹಾಸಿಗೆಗೆ ಅಂಟಿಕೊಂಡು ಜಗ್ಗುತ್ತದೆ. ಇದರ ಮೇಲೆ ಭೇದಿ, ಗಂಟೆಗಟ್ಟಲೆ ಬದಲಾಗದ ಡೈಪರ್. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಶುರುವಿನ ಕೆಂಪು ಕಾಣುವುದೇ ಇಲ್ಲ, ಮುಟ್ಟಿ ಬಿಸಿ, ಗಟ್ಟಿ ನೋಡಬೇಕು. ಮುಟ್ಟುವವರು ಯಾರು?

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೇವೆ ಅನ್ನುತ್ತಾರೆ. ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಕೇಸ್ ಶೀಟ್ ನನ್ನ ಕೈಗೇ ಕೊಟ್ಟಿದ್ದರು. ಬಲ, ಎಡ, ಬೆನ್ನು, ಮತ್ತೆ ಬಲ ಅಂತ ಸಾಲಾಗಿ ಬರೆದು, ಒಂದೇ ಪೆನ್ನಿನಲ್ಲಿ ರಾತ್ರಿ 8 ಗಂಟೆವರೆಗೂ ಟಿಕ್ ಹಾಕಿತ್ತು. ಆಗ ಸಮಯ ಬೆಳಿಗ್ಗೆ 11! ನಮ್ಮ ಅತ್ತೆ ಮೊದಲಿಂದಲೂ ಬಹಳ ಚುರುಕು. ಪ್ರಜ್ಞೆ ಇಲ್ಲದಿದ್ದರೂ ರಾತ್ರಿಯ ಮಗ್ಗುಲನ್ನು ಬೆಳಿಗ್ಗೆಯೇ ಮುಗಿಸಿಬಿಟ್ಟಿದ್ದರು.

ಸಿಸ್ಟರ್‌ಗಳನ್ನೇ ಬೈಯುತ್ತಿಲ್ಲ. ವೆಂಟಿಲೇಟರ್ ರೋಗಿಗೆ ಒಬ್ಬರಂತೆ ನರ್ಸ್ ಇರಬೇಕು. ಇಲ್ಲಿ ಒಬ್ಬಳೇ ಹುಡುಗಿ ಮೂರ್ನಾಲ್ಕು ಬೆಡ್ ನೋಡುತ್ತಾಳೆ, ಅವಳದ್ದೂ ಗುತ್ತಿಗೆ ಕೆಲಸ. ದಪ್ಪನೆಯ ಮನುಷ್ಯರನ್ನು ಎತ್ತಿ ತಿರುಗಿಸಲು ಇಬ್ಬರಾದರೂ ಬೇಕು. ಆಯಾಗೆ ಐವತ್ತು ರೂಪಾಯಿ ಕೊಟ್ಟರೆ ಬರುತ್ತಾಳೆ, ಇಲ್ಲದಿದ್ದರೆ ಚಹಾಕ್ಕೆ ಹೋಗಿರುತ್ತಾಳೆ. ಮೈ ಒತ್ತದಂತೆ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ಇದೆಯಂತೆ, ಪಂಪ್ ಕೆಟ್ಟು ಬೀರು ಮೇಲೆ ಕೂತಿದೆ. ಉಸ್ತುವಾರಿ ಸಚಿವರು ಬರುವ ಹಿಂದಿನ ದಿನ ಗೋಡೆಗೆ ಬಣ್ಣ ಬಳಿಯಲು ದುಡ್ಡಿತ್ತು, ಪಂಪ್ ರಿಪೇರಿಗೆ ಇಲ್ಲ.

ಇದೆಲ್ಲ ಬೇರೆ ದೇಶದಲ್ಲೂ ಆಗುತ್ತದೆ ಅಂತ ಸಾಹೇಬರು ಹೇಳಬಹುದು. ಹೌದು. 2018ರಲ್ಲಿ 90 ದೇಶಗಳ ಐಸಿಯುಗಳಲ್ಲಿ ಒಂದೇ ದಿನ ಎಣಿಸಿದಾಗ ನೂರಕ್ಕೆ 26 ರೋಗಿಗಳಿಗೆ ಇಂಥ ಗಾಯವಿತ್ತು. ಆದರೆ ಅವರು ಎಣಿಸಿದರು! ನಮ್ಮಲ್ಲಿ ಡಿಸ್ಚಾರ್ಜ್ ಚೀಟಿಯಲ್ಲಿ ಹುಣ್ಣಿನ ಸುದ್ದಿಯೇ ಇಲ್ಲ.

ಈಗ ಮನೆಯಲ್ಲಿ ದಿನಾ ಡ್ರೆಸ್ಸಿಂಗ್. ಸಾಮಾನೆಲ್ಲ ಹೊರಗಿನಿಂದಲೇ ತರಬೇಕು. ಗಾಳಿ ತುಂಬುವ ರಿಂಗ್ ಮೇಲೆ ಕೂರಿಸಿ ಅಂತ ವಾರ್ಡಿನವರು ಹೇಳಿದ್ದರು, ತಂದೆವು. ಮನೆಗೆ ಬಂದ ಡಾಕ್ಟರು ಅದರಿಂದ ಸುತ್ತಲಿನ ರಕ್ತವೂ ನಿಲ್ಲುತ್ತೆ ಎಂದು ಎಸೆಯಲು ಹೇಳಿದರು. ಬಾಡಿಗೆಗೆ ಏರ್ ಬೆಡ್ ತಂದರೆ ಸಂಜೆ ಕರೆಂಟ್ ಹೋಗುತ್ತದೆ, ಬೆಡ್ಡಿನ ಗಾಳಿ ಇಳಿಯುತ್ತದೆ. ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಅದೇ ಆಸ್ಪತ್ರೆಯ ಲಿಫ್ಟ್ ಬಗ್ಗೆಯೂ ಹೋದ ವರ್ಷ ಇದೇ ಅಂಕಣಕ್ಕೆ ಬರೆದಿದ್ದೆ. ಈಗಲೂ ಸ್ಟ್ರೆಚರ್ ಅನ್ನು ರ‍್ಯಾಂಪ್‌ನಲ್ಲಿ ಮನೆಯವರೇ ತಳ್ಳಬೇಕು.  ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರ ಫೋನ್ ಇನ್ ಕಾರ್ಯಕ್ರಮದಲ್ಲಿ ಎಲ್ಲ ಹೇಳಿಕೊಂಡೆ. "ಪರಿಶೀಲಿಸುತ್ತೇವೆ" ಅಂದರು. ಪರಿಶೀಲನೆ ಇನ್ನೂ ನಡೆಯುತ್ತಿರಬೇಕು, ಪಾಪ.

ಸಾಹೇಬರು ಆ ಹೇಳಿಕೆ ವಾಪಸ್ ತೆಗೆದುಕೊಳ್ಳಬೇಕು. ಇಲ್ಲವೇ ಪಂಪ್ ರಿಪೇರಿ ಮಾಡಿಸಬೇಕು. ಎರಡೂ ಮಾಡಿದರೆ ಇನ್ನೂ ಒಳ್ಳೆಯದು, ಜೊತೆಗೆ ಆ ಲಿಫ್ಟು. ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಲಿ. ಯಾವ ಕ್ರಮ ಅಂತ ಸಂಬಳ ತೆಗೆದುಕೊಳ್ಳುವವರಿಗೆ ನಾವೇ ಹೇಳಿಕೊಡಬೇಕೇ? ನಾಚಿಕೆಯಾಗಬೇಕು.

— ನೊಂದ ಸೊಸೆ, ಹಳೇ ಬಸ್ ಸ್ಟ್ಯಾಂಡ್ ಹಿಂಭಾಗ
(ಹೆಸರು ಹಾಕಬೇಡಿ, ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು)