ಅಪ್ಪನ ನಾಲಗೆಯ ಹುಣ್ಣು ಮಾಯಿತು, ಕೇಳಿದವರಿಗೆಲ್ಲ ನಮಸ್ಕಾರ

ಅಪ್ಪ ಮತ್ತೆ ಜೋಳದ ರೊಟ್ಟಿ ತಿನ್ನುತ್ತಿದ್ದಾರೆ. ಸದ್ಯಕ್ಕೆ ಹಾಲಿನಲ್ಲಿ ನೆನೆಸಿಕೊಂಡು. ಕೆಂಪು ಮೆಣಸಿನಕಾಯಿ ಚಟ್ನಿ ರಂಜಕದ ಕಡೆ ಇನ್ನೂ ಕೈ ಚಾಚಿಲ್ಲ. ಫೋನ್ ಮಾಡಿ ವಿಚಾರಿಸಿದವರು ಬಹಳ ಮಂದಿ, ಅದಕ್ಕೇ ಎಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಬಾಗಲಕೋಟೆ ನವನಗರದ ನಮ್ಮ ಔಷಧಿ ಅಂಗಡಿಯ ಹುಡುಗನಿಗೆ. ಬಾಯಿಗೆ ಹಚ್ಚುವ ಜೆಲ್ ಇನ್ನೊಂದು ಕೊಡಪ್ಪಾ ಅಂದರೆ ಕೊಡಲಿಲ್ಲ. "ಎರಡ ವಾರ ದಾಟಿದ ಹುಣ್ಣಿಗೆ ನಾ ಏನೂ ಕೊಡಂಗಿಲ್ರಿ ಅಕ್ಕಾರ, ಹಲ್ಲಿನ ಡಾಕ್ಟರಿಗೆ ತೋರಸ್ರಿ" ಅಂದ. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವ ಅಂಗಡಿಯವರು ಎಷ್ಟು ಮಂದಿ ಇದ್ದಾರೆ? ಅಲ್ಲಿಯವರೆಗೆ ಮನೆಗೆ ಬಂದವರದೆಲ್ಲ ಒಂದೊಂದು ಔಷಧ. ಉಷ್ಣ ಆಗಿದೆ ಅಂತ ಒಬ್ಬರು ಸಬ್ಜಾ ಬೀಜ ನೆನೆಸಿಟ್ಟರು, ಇನ್ನೊಬ್ಬರು ಬಿ-ಕಾಂಪ್ಲೆಕ್ಸ್ ತಂದರು. ಬಿ12 ಅಥವಾ ಕಬ್ಬಿಣದ ಅಂಶ ಕಡಿಮೆಯಾದರೆ ವಯಸ್ಸಾದವರಿಗೆ ಬಾಯಿ ಹುಣ್ಣಾಗುವುದು ನಿಜ. ಅಪ್ಪನ ರಕ್ತದಲ್ಲಿ ಎರಡೂ ಸರಿಯಿದ್ದವು.

ಹುಣ್ಣು ಇದ್ದದ್ದು ನಾಲಗೆಯ ಮಗ್ಗುಲಲ್ಲಿ. ಅಪ್ಪ ಬಸ್ ಓಡಿಸುವಾಗ ವರ್ಷಗಟ್ಟಲೆ ತಂಬಾಕು-ಸುಣ್ಣ ತಿಕ್ಕಿ ಬಾಯಿಗಿಟ್ಟವರು. ಇವೆರಡೂ ಕೂಡಿದರೆ ಯಾವ ಭಯ ಹುಟ್ಟುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ದಂತ ಕಾಲೇಜಿನವರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಅಂತ ಬಂತು. ಮುರಿದ ದವಡೆ ಹಲ್ಲಿನ ಚೂಪು ಅಂಚನ್ನೂ ಉಜ್ಜಿ ನುಣುಪು ಮಾಡಿದರು. ಆದರೂ ಹುಣ್ಣು ಜಪ್ಪೆನ್ನಲಿಲ್ಲ.

ಆಗ ಅಲ್ಲಿಯ ಇಂಟರ್ನ್ ಡಾಕ್ಟರಮ್ಮ, ನಮ್ಮ ಮಗಳ ವಯಸ್ಸಿನವರು, "ಅಜ್ಜಾರ, ಮನ್ಯಾಗ ಇದ್ದಬಿದ್ದ ಗುಳಿಗಿ ಎಲ್ಲಾ ಚೀಲದಾಗ ಹಾಕ್ಕೊಂಡ ಬರ್ರಿ" ಅಂದರು. ಚೀಟಿ ಸಾಲದು, ಗುಳಿಗೆಗಳೇ ಬೇಕು. ಒಂದೊಂದೇ ಪಟ್ಟಿ ತಿರುವಿ ಹೆಸರು ಓದುತ್ತ ನಿಕೊರಾಂಡಿಲ್ ಬಂದಾಗ ನಿಂತರು. ಎದೆನೋವಿಗೆ ಕೊಡುವ ಗುಳಿಗೆ ಅದು. ಕೆಲವರಿಗೆ ಅದರಿಂದಲೇ ಬಾಯಲ್ಲಿ ಆಳವಾದ ಹುಣ್ಣು ಏಳುತ್ತದಂತೆ, ಗುಳಿಗೆ ನಿಲ್ಲಿಸುವ ತನಕ ಏನು ಹಚ್ಚಿದರೂ ಮಾಯುವುದಿಲ್ಲವಂತೆ. "ಹಂಗಂತ ನೀವ ಬಿಡಬ್ಯಾಡ್ರಿ ಮತ್ತ, ಎದಿಗೆ ತ್ರಾಸ ಆಗತೈತಿ" ಅಂತ ಎಚ್ಚರಿಸಿ, ತಮ್ಮ ಸರ್‌ಗೆ ತೋರಿಸಿ, ಹೃದಯದ ಡಾಕ್ಟರಿಗೆ ಪತ್ರ ಬರೆಸಿಕೊಟ್ಟರು. ತಾಯೀ, ನಿನ್ನ ಹೊಟ್ಟೆ ತಣ್ಣಗಿರಲಿ.

ಹೃದಯದ ಡಾಕ್ಟರೂ ದೊಡ್ಡವರೇ. "ನಾನು ಬರೆದ ಗುಳಿಗೆಯ ಬಗ್ಗೆ ಹಲ್ಲಿನವರದೇನು ಮಾತು" ಅನ್ನಲಿಲ್ಲ. ಪತ್ರ ಓದಿದರು, ಅಪ್ಪನ ಬಾಯಿ ನೋಡಿದರು, ಬೇರೆ ಗುಳಿಗೆಗೆ ಬದಲಿಸಿದರು. ಹಚ್ಚುವ ಔಷಧ ಒಂದೂ ಬದಲಾಗದೆ ವಾರದಿಂದ ವಾರಕ್ಕೆ ಹುಣ್ಣು ಕಿರಿದಾಗುತ್ತ ಹೋಯಿತು.

ಪಕ್ಕದ ಮನೆ ಕಾಕು ದಿನಾ ನುಚ್ಚು-ಮಜ್ಜಿಗೆ, ಖಾರವಿಲ್ಲದ ಬ್ಯಾಳಿ ಕಟ್ಟು ತಂದರು. ಅಪ್ಪ ಒಲ್ಲೆ ಅಂದಾಗ ಗದರಿಸಿದರು. ನಾವು ಗದರಿಸಿದರೆ ಕೇಳುತ್ತಿರಲಿಲ್ಲ.

ತಮ್ಮಾ, ಅಪ್ಪನನ್ನು ಬೈಕಿನ ಮೇಲೆ ಕೂರಿಸಿಕೊಂಡು ಓಡಾಡಿದ್ದಕ್ಕೆ ನಿನಗೂ ಥ್ಯಾಂಕ್ಸ್. ನಿನ್ನ ಕಿಸೆಯ ಗುಟ್ಕಾ ಚೀಟು ಆ ಡಾಕ್ಟರಮ್ಮ ನೋಡಿದ್ದಾರೆ, ನಿನ್ನ ಬಾಯಿಯನ್ನೂ ನೋಡಬೇಕಂತೆ. ಸೋಮವಾರ ಮುಂಜಾನೆ ತಯಾರಿರು, ಈ ಸಲ ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ.