ಡ್ರಮ್ಮಿನ ಮೇಲೆ ವಚನ ಬರೆಯಿಸುವ ಮೊದಲು

ಧಾರವಾಡ

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಬ್ಯಾಂಡಿನಲ್ಲಿ ಎರಡು ಪಂಗಡವಾಗಿದೆ, ಒಂದಕ್ಕೆ ದೊಡ್ಡ ಡ್ರಮ್ಮಿನ ಮುಂಭಾಗದಲ್ಲಿ ಬೈಬಲ್ ವಚನ ಬರೆಯಿಸಲೇಬೇಕು, ಇನ್ನೊಂದಕ್ಕೆ ಹಾಗೆ ಮಾಡಿದರೆ ಬೆಂಗಳೂರಿನ ಪಬ್ಬುಗಳವರು ಕರೆಯುವುದಿಲ್ಲವೆಂಬ ಭಯ, ಡ್ರಮ್ಮು ನಿನ್ನದಾದ್ದರಿಂದ ತೀರ್ಪು ನಿನ್ನ ತಲೆಗೆ ಬಂದಿದೆ. ಇಷ್ಟು ಅರ್ಥವಾಯಿತು. ನಿನ್ನ ಅಪ್ಪನಿಗೆ ಹೇಳಿದರೆ ಡ್ರಮ್ಮನ್ನೇ ಮಾರಿಬಿಡು ಎನ್ನುತ್ತಾನೆಂದು ನನಗೆ ಬರೆದಿದ್ದೀಯ. ಇರಲಿ. ಚರ್ಚಿನ ಸಭೆಯ ಗಾಯನವೃಂದವನ್ನು ಇಷ್ಟು ವರ್ಷ ಸಂಭಾಳಿಸಿದವನಿಗೆ ಹಾಡುವವರ ಜಗಳ ಹೊಸದೇನಲ್ಲ.

ಅಮೆರಿಕದ ಸ್ಟ್ರೈಪರ್ ಎಂಬ ಕ್ರೈಸ್ತ ರಾಕ್ ತಂಡದ ಹೆಸರೆತ್ತಿ, ‘ಅವರು ಮಾಡಲಿಲ್ಲವೇ ದೊಡ್ಡಪ್ಪಾ’ ಎಂದು ಕೇಳಿದ್ದೀಯ. ಮಾಡಿದರು. ಆದರೆ ನಿನ್ನ ಸ್ನೇಹಿತರು ಅವರ ಕಥೆಯ ಮೊದಲ ಅರ್ಧವನ್ನು ಮಾತ್ರ ಹೇಳುತ್ತಿರುವಂತೆ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಅಣ್ಣತಮ್ಮಂದಿರು, ರಾಬರ್ಟ್ ಸ್ವೀಟ್ ಮತ್ತು ಮೈಕೇಲ್ ಸ್ವೀಟ್. ಅಣ್ಣ ಡ್ರಮ್ಸ್, ತಮ್ಮ ಹಾಡು ಮತ್ತು ಗಿಟಾರ್. ಜೊತೆಗೆ ಗಿಟಾರಿಗೆ ಆಜ್ ಫಾಕ್ಸ್, ಬಾಸ್ ಗಿಟಾರಿಗೆ ಟಿಮ್ ಗೇನ್ಸ್. ಮೊದಲು ರಾಕ್ಸ್ ರೆಜೀಮ್ ಎಂಬ ಹೆಸರಿನಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತಲ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಆಮೇಲೆ ಹೆಸರನ್ನೂ ಉದ್ದೇಶವನ್ನೂ ಬದಲಿಸಿಕೊಂಡು, 1984ರಲ್ಲಿ ಎನಿಗ್ಮಾ ಎಂಬ ಕಂಪನಿಯಿಂದ ಮೊದಲ ಧ್ವನಿಮುದ್ರಿಕೆ ತಂದರು. ಮೈಮೇಲೆ ಹಳದಿ ಕಪ್ಪು ಪಟ್ಟೆ, ಗಿಟಾರಿನ ಮೇಲೆ ಪಟ್ಟೆ, ಡ್ರಮ್ಮಿನ ಮೇಲೆ ಪಟ್ಟೆ. ಹೆಸರಿನ ಕೆಳಗೆ ಯೆಶಾಯ 53:5. ನಮ್ಮಲ್ಲಿ ಶುಭ ಶುಕ್ರವಾರದ ಆರಾಧನೆಯಲ್ಲಿ ತಪ್ಪದೆ ಓದುವ, ‘ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು’ ಎಂಬ ವಚನವೇ. ಇಂಗ್ಲಿಷಿನಲ್ಲಿ ಬಾಸುಂಡೆಗೂ ಪಟ್ಟೆಗೂ ಸ್ಟ್ರೈಪ್ ಎಂಬ ಒಂದೇ ಮಾತು. ನೀನು ಡ್ರಮ್ಸ್ ಬಾರಿಸುವವಳಾದ್ದರಿಂದ ಒಂದು ಸಂಗತಿ ಹೇಳುತ್ತೇನೆ: ರಾಬರ್ಟ್ ಕೂರುವುದು ಜನರಿಗೆ ಅಡ್ಡವಾಗಿ, ಪಕ್ಕಕ್ಕೆ ತಿರುಗಿ. ಕೈ, ಕಾಲು, ಮುಖ ಎಲ್ಲವೂ ಕಾಣಲೆಂದು. ಬಚ್ಚಿಡುವುದು ಎಂಬುದೇ ಆ ಮನೆತನದಲ್ಲಿ ಇರಲಿಲ್ಲ.

ಕಾರ್ಯಕ್ರಮದ ನಡುವೆ ಅವರು ಕಿಸೆಯಲ್ಲಿ ಹಿಡಿಸುವಂಥ ಹೊಸ ಒಡಂಬಡಿಕೆಯ ಪ್ರತಿಗಳನ್ನು ಜನರ ನಡುವೆ ಎಸೆಯುತ್ತಿದ್ದರು, ಮೇಲೆ ತಂಡದ ಸ್ಟಿಕ್ಕರ್ ಅಂಟಿಸಿ. ಬಿಯರ್ ಹಿಡಿದು ನಿಂತ ಹುಡುಗನ ಕೈಗೆ ಅದು ಸಿಕ್ಕಿದಾಗ ಅವನ ಮುಖ ಹೇಗಿದ್ದಿರಬಹುದೆಂದು ನನಗೆ ಈಗಲೂ ಕುತೂಹಲ. ಜಿಮ್ಮಿ ಸ್ವಾಗರ್ಟ್ ಎಂಬ ಟಿವಿ ಪ್ರವಚನಕಾರರಿಗೆ ಮಾತ್ರ ಇದು ಹಂದಿಗಳ ಮುಂದೆ ಮುತ್ತು ಚೆಲ್ಲಿದಂತೆ ಕಂಡಿತು. ಕ್ರೈಸ್ತ ರಾಕ್ ಸಂಗೀತವೆಂದರೆ ಕುರಿಯ ವೇಷದ ತೋಳ ಎಂದು ಒಂದು ಪುಸ್ತಕವನ್ನೇ ಬರೆದರು. ತಮಾಷೆ ನೋಡು, 1970ರ ದಶಕದಲ್ಲಿ ಇದೇ ಸ್ವಾಗರ್ಟರ ಕಾರ್ಯಕ್ರಮವನ್ನು ಟಿವಿಯಲ್ಲಿ ನೋಡಿ ಸ್ವೀಟ್ ಅಣ್ಣತಮ್ಮಂದಿರು ವಿಶ್ವಾಸಕ್ಕೆ ಬಂದಿದ್ದರು. 1988ರಲ್ಲಿ ಆ ಪ್ರವಚನಕಾರರೇ ಹಗರಣವೊಂದರಲ್ಲಿ ಸಿಕ್ಕಿ, ಕ್ಯಾಮೆರಾದ ಮುಂದೆ ಅಳುತ್ತ ಕ್ಷಮೆ ಕೇಳಬೇಕಾಯಿತು. ನಿಮ್ಮನ್ನು ಬೈಯುವ ಹಿರಿಯರು ನಾಳೆ ಸಭೆಯಲ್ಲೂ ಸಿಗುತ್ತಾರೆ. ಅವರ ಮಾತನ್ನು ಕೇಳಿಸಿಕೋ, ಆದರೆ ಅದಕ್ಕಾಗಿ ಹಾಡು ಬದಲಿಸಬೇಡ.

1985ರ ‘ಸೋಲ್ಜರ್ಸ್ ಅಂಡರ್ ಕಮಾಂಡ್’ ಐದು ಲಕ್ಷ ಪ್ರತಿ ದಾಟಿತು. 1986ರ ‘ಟು ಹೆಲ್ ವಿತ್ ದ ಡೆವಿಲ್’ ಹತ್ತು ಲಕ್ಷ ದಾಟಿತು. ದೇವದೂತರು ಸೈತಾನನನ್ನು ಕೆಳಕ್ಕೆ ತಳ್ಳುವ ಚಿತ್ರ ಅದರ ಮೊದಲ ಹೊದಿಕೆಯ ಮೇಲಿತ್ತು. ಆಕ್ಷೇಪಗಳು ಬಂದವೆಂದು ಅದನ್ನು ತೆಗೆದು ಬರಿಯ ಕಪ್ಪು ಹೊದಿಕೆ ಹಾಕಿದರು. ಎಂಟಿವಿಯಲ್ಲಿ ಅವರ ಹಾಡುಗಳನ್ನು ಪ್ರೇಕ್ಷಕರು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಆ ಹತ್ತು ಲಕ್ಷದ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ ಹಾಡು ‘ಆನೆಸ್ಟ್‌ಲಿ’. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೆಯ ಸ್ಥಾನದವರೆಗೆ ಹೋಯಿತು. ಪಿಯಾನೋದೊಂದಿಗೆ ನಿಧಾನವಾಗಿ ಸಾಗುವ ಹಾಡು. ಅದರಲ್ಲಿ ದೇವರ ಹೆಸರಿಲ್ಲ, ಯೇಸುವಿನ ಹೆಸರಿಲ್ಲ. ಹುಡುಗನೊಬ್ಬ ಹುಡುಗಿಗೆ ಹಾಡುವುದೆಂದು ತಿಳಿದರೂ ಸರಿಯೇ. ಅಷ್ಟಾದರೂ ಇವರು ವಿಶ್ವಾಸ ಬಿಟ್ಟರೆಂದು ಅಭಿಮಾನಿಗಳು ಗಲಾಟೆ ಮಾಡಲಿಲ್ಲ.

ನಾಲ್ಕು ವರ್ಷದ ನಂತರ, 1990ರಲ್ಲಿ ‘ಅಗೇನ್ಸ್ಟ್ ದ ಲಾ’ ಬಂತು. ನನ್ನನ್ನು ಕೇಳಿದರೆ ಗಿಟಾರ್ ಅವರ ಹಳೆಯ ಆಲ್ಬಮ್‌ಗಳಿಗಿಂತ ಅದರಲ್ಲೇ ಚೆನ್ನಾಗಿದೆ. ಗಾಯನವೂ ಪಕ್ವವಾಗಿದೆ. 1988ರ ‘ಇನ್ ಗಾಡ್ ವಿ ಟ್ರಸ್ಟ್’ನಲ್ಲಿ ಸಕ್ಕರೆ ಹೆಚ್ಚಾಗಿತ್ತು, ಇಲ್ಲಿ ಅದು ಹೋಯಿತು. ಆದರೆ ಹಳದಿ ಪಟ್ಟೆಗಳೂ ಹೋದವು. ಹೆಸರಿನ ಕೆಳಗಿನ ಯೆಶಾಯನೂ ಹೋದ. ಸಾಹಿತ್ಯದಲ್ಲಿ ದೇವರ ಮಾತು ಹೆಚ್ಚುಕಡಿಮೆ ನಿಂತೇ ಹೋಯಿತು. ಕ್ರೈಸ್ತ ಅಭಿಮಾನಿಗಳಿಗೆ ತಾವು ಮೋಸಹೋದೆವೆನ್ನಿಸಿತು, ಹೊಸ ಕೇಳುಗರು ಕೈಹಿಡಿಯಲಿಲ್ಲ, ಆಲ್ಬಮ್ ಮಾರಾಟವಾಗಲಿಲ್ಲ. ಆ ದಿನಗಳಲ್ಲಿ ಕುಡಿತ ಹೆಚ್ಚಾಗಿತ್ತು, ವೇದಿಕೆಯ ಮಾತಿಗೂ ಕೆಳಗಿನ ಬದುಕಿಗೂ ತಾಳೆಯಾಗುತ್ತಿರಲಿಲ್ಲ ಎಂದು ಮೈಕೇಲ್ ಸ್ವೀಟ್ ಮುಂದೆ ತಾವೇ ಬಹಿರಂಗವಾಗಿ ಹೇಳಿಕೊಂಡರು. 1992ರಲ್ಲಿ ಅವರು ತಂಡ ಬಿಟ್ಟರು. ಉಳಿದವರು ಸ್ವಲ್ಪ ಕಾಲ ಎಳೆದರು, ಆಮೇಲೆ ನಿಂತಿತು.

1986ರ ಆಲ್ಬಮ್‌ನ, ದೇವರ ಹೆಸರಿಲ್ಲದ ಒಂದು ಹಾಡು ಅವರನ್ನು ಮೇಲೆತ್ತಿತು. ಅದೇ ಬಗೆಯ ಹಾಡುಗಳು 1990ರಲ್ಲಿ ಏಕೆ ನಡೆಯಲಿಲ್ಲ? ಕಾಲ ಬದಲಾಗಿತ್ತು, ಆ ಮಾದರಿಯ ಸಂಗೀತಕ್ಕೇ ಬೇಡಿಕೆ ಇಳಿಯತೊಡಗಿತ್ತು ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಅಷ್ಟೇ ಅಲ್ಲ. ಮನೆಯ ಮುಂದೆ ನಾಮಫಲಕ ಇಲ್ಲದಿದ್ದರೆ ಬೀದಿಯವರು ಏನೂ ಕೇಳುವುದಿಲ್ಲ, ಇದ್ದದ್ದನ್ನು ಕಿತ್ತರೆ ಎಲ್ಲರೂ ಕೇಳುತ್ತಾರೆ. ತಂಡದವರು ಬೇರೆ ಬಗೆಯ ಹಾಡು ಬರೆದದ್ದು ಯಾರಿಗೂ ನೋವಾಗುತ್ತಿರಲಿಲ್ಲ. ವಚನವನ್ನು ಅಳಿಸಿದ್ದು ನೋಯಿಸಿತು. ಆ ವಚನವನ್ನು ನಂಬಿ ಪುಟ್ಟ ಊರುಗಳ ಹುಡುಗರು ತಂದೆತಾಯಿಯರೊಡನೆ ವಾದಿಸಿ ಆ ಆಲ್ಬಮ್‌ಗಳನ್ನು ಮನೆಯೊಳಗೆ ತಂದಿದ್ದರು. ಅವರು ಮನೆಯಲ್ಲಿ ಏನು ಉತ್ತರ ಹೇಳಬೇಕಿತ್ತು?

ಆದ್ದರಿಂದ ನಿನ್ನ ಎರಡೂ ಪಂಗಡಗಳಿಗೆ ನನ್ನದು ಒಂದೇ ಪ್ರಶ್ನೆ. ವಚನ ಬೇಕೆನ್ನುವ ಹುಡುಗರನ್ನು ಕೇಳು: ಪಬ್ಬಿನವರು ಹೆಚ್ಚು ಹಣ ಕೊಟ್ಟು, ಇವತ್ತೊಂದು ದಿನ ಅದರ ಮೇಲೆ ಬಟ್ಟೆ ಹೊದಿಸಿ ಎಂದರೆ ಹೊದಿಸುತ್ತೀರಾ? ಬೇಡವೆನ್ನುವವರನ್ನು ಕೇಳು: ಸಭೆಯ ಯುವಜನರ ಕೂಟಕ್ಕೆ ಕರೆದಾಗ ಅದೇ ಡ್ರಮ್ಮಿಗೆ ಆ ದಿನದ ಮಟ್ಟಿಗೆ ವಚನ ಅಂಟಿಸಿಕೊಂಡು ಹೋಗುತ್ತೀರಾ? ಎರಡರಲ್ಲಿ ಯಾವುದಕ್ಕೆ ಹೌದೆಂದು ಉತ್ತರ ಬಂದರೂ ಇನ್ನೂ ಬರೆಯಿಸುವ ಕಾಲ ಬಂದಿಲ್ಲ. ಬರಿಯ ಡ್ರಮ್ಮು ಸಾಕು. ನೀನು ಯಾರೆಂದು ಕೇಳಿದವರಿಗೆ ಬಾಯಲ್ಲಿ ಹೇಳು. ಬಾಯಲ್ಲಿ ಹೇಳುವುದಕ್ಕೇ ಸಂಕೋಚವಾಗುವುದಾದರೆ ಬಣ್ಣದಲ್ಲಿ ಹೇಳುವ ಆತುರವೇಕೆ?

ಹೊಟ್ಟೆಪಾಡಿನ ಮಾತೂ ಇದೆ. ಹತ್ತು ಲಕ್ಷ ಪ್ರತಿ ಮಾರಿದ ಆ ಮೈಕೇಲ್ ಸ್ವೀಟ್ ತಂಡ ಬಿಟ್ಟ ಮೇಲೆ ಮ್ಯಾಸಚೂಸೆಟ್ಸ್‌ಗೆ ಹೋಗಿ ಹೆಂಡತಿಯ ಮನೆಯವರ ಕ್ರಾನ್‌ಬೆರಿ ತೋಟದಲ್ಲಿ ಕೆಲಸ ಮಾಡಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇದನ್ನು ತಿಳಿದ ಮೇಲೆಯೇ. ನೀನು ಕಂಪನಿಯ ಕೆಲಸ ಬಿಟ್ಟು ಪೂರ್ಣಕಾಲ ಬ್ಯಾಂಡಿಗೇ ಇಳಿಯುವ ಯೋಚನೆಯನ್ನು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ, ನಾನು ಓದಿದೆ. ಕೆಲಸ ಬಿಡಬೇಡ. ಬಾಡಿಗೆ ಕಟ್ಟಬೇಕಾದ ತಿಂಗಳಲ್ಲಿ ಯಾರ ಷರತ್ತಿಗೂ ಇಲ್ಲವೆನ್ನುವುದು ಕಷ್ಟ, ಆ ಬಟ್ಟೆ ಹೊದಿಸುವ ಷರತ್ತಿಗೂ.

2003ರಲ್ಲಿ ಆ ತಂಡ ಮತ್ತೆ ಒಂದಾಯಿತು, ಹಳದಿ ಕಪ್ಪು ಮರಳಿ ಬಂತು. 2005ರಿಂದ ಒಂದಾದ ಮೇಲೊಂದು ಆಲ್ಬಮ್ ಬರುತ್ತಲೇ ಬಂದವು. ಈ ನಡುವೆ ಮೈಕೇಲ್ 2009ರಲ್ಲಿ ಹೆಂಡತಿಯನ್ನು ಕ್ಯಾನ್ಸರಿಗೆ ಕಳೆದುಕೊಂಡರು. 2018ರಲ್ಲಿ ಆಜ್ ಫಾಕ್ಸರ ಮೆದುಳಿನಲ್ಲಿ ಗಡ್ಡೆ ಕಂಡುಬಂತು. ಟಿಮ್ ಗೇನ್ಸ್ 2017ರಲ್ಲಿ ಹೊರಗಾದರು, ಅದು ಸೌಹಾರ್ದದಿಂದ ಆದದ್ದಲ್ಲ. ಒಂದೇ ವಿಶ್ವಾಸದವರೆಂದ ಮಾತ್ರಕ್ಕೆ ಬ್ಯಾಂಡಿನ ಜಗಳಗಳು ತಪ್ಪುವುದಿಲ್ಲ, ಪ್ರಾರ್ಥನೆ ಮಾಡಿ ಕೂತರೂ ಹಾಡು ಯಾರದೆಂಬ ಲೆಕ್ಕ ಬರವಣಿಗೆಯಲ್ಲಿರಬೇಕು.

ಆದ್ದರಿಂದ ನೀನು ಬರೆದಿರುವ ಆ ಧ್ವನಿಮುದ್ರಣ ಕಂಪನಿಯವರ ಕರಾರುಪತ್ರದ ಪ್ರತಿಯನ್ನು ಸಹಿ ಹಾಕುವ ಮೊದಲು ನನಗೆ ಕಳುಹಿಸು. ಬ್ಯಾಂಡಿನ ಹೆಸರು ಯಾರದು, ಒಬ್ಬರು ಬಿಟ್ಟುಹೋದರೆ ಅವರು ಕಟ್ಟಿದ ಹಾಡುಗಳನ್ನು ಯಾರು ನುಡಿಸಬಹುದು, ಈ ಎರಡನ್ನು ಮೊದಲು ನೋಡುತ್ತೇನೆ. ಕ್ರಿಸ್ಮಸ್ಸಿಗೆ ಬರುವಾಗ ಕೋಲುಗಳನ್ನಷ್ಟೇ ತಾ. ಇಲ್ಲಿನ ಡ್ರಮ್ಸ್ ಸರಿಮಾಡಿಸಿದ್ದೇನೆ, ಸಭಾಪಾಲಕರೂ ಒಪ್ಪಿದ್ದಾರೆ, ಮೆಲ್ಲಗೆ ಬಾರಿಸಬೇಕೆಂಬ ಷರತ್ತಿನ ಮೇಲೆ. ಆ ಷರತ್ತಿನ ವಿಷಯವನ್ನು ನೀನೇ ಬಂದು ಅವರೊಡನೆ ಮಾತಾಡು.

ನಿನ್ನ ದೊಡ್ಡಪ್ಪ