ಒಬಾಮಾ ಮೇಲೆ ಜನಕ್ಕೆ ಯಾಕಿಷ್ಟು ಸಿಟ್ಟು: ಗೆಳೆಯನಿಗೊಂದು ಪತ್ರ

ಡೇಟನ್, ಒಹಾಯೊ
ನವೆಂಬರ್ 14, 2010

ಪ್ರೀತಿಯ ರವಿ,

ಎರಡು ವರ್ಷದ ಹಿಂದೆ ಒಬಾಮಾರನ್ನು ತಲೆ ಮೇಲೆ ಹೊತ್ತು ಮೆರೆಸಿದ ಜನ ಈ ತಿಂಗಳ ಸಂಸತ್ ಚುನಾವಣೆಯಲ್ಲಿ ಅವರ ಡೆಮಾಕ್ರಟಿಕ್ ಪಕ್ಷಕ್ಕೆ ಯಾಕೆ ಕೈಕೊಟ್ಟರು, ಎಲ್ಲಾ ಮೈಬಣ್ಣದ ಮೇಲಿನ ದ್ವೇಷ ತಾನೇ, ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಬೇರೆ ಗೆಳೆಯರೂ ಇದನ್ನೇ ಕೇಳುತ್ತಿದ್ದಾರೆ, ಅದಕ್ಕೇ ನಿನಗೆ ಬರೆದದ್ದನ್ನು ಎಲ್ಲರೂ ಓದುವಂತೆ ಇಲ್ಲೇ ಹಾಕುತ್ತಿದ್ದೇನೆ.

ಬಣ್ಣ ನೋಡಿ ದ್ವೇಷಿಸುವವರು ಇಲ್ಲಿ ಇದ್ದಾರೆ. ಒಬಾಮಾ ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲ ಅಂತ ಪುಕಾರು ಹಬ್ಬಿಸುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಅವರು 2008ರಲ್ಲೂ ಇದ್ದರು, ಆಗ ಇದೇ ಒಹಾಯೊ ಒಬಾಮಾರನ್ನು ಗೆಲ್ಲಿಸಿತ್ತು. 2009ರ ಜನವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 68 ಜನ ಅವರ ಕೈ ಹಿಡಿದಿದ್ದರು. ಈ ಚುನಾವಣೆ ಹೊತ್ತಿಗೆ ಅದು 45ರ ಆಸುಪಾಸಿಗೆ ಇಳಿದಿತ್ತು. ಅಷ್ಟೊಂದು ಜನ ಎರಡೇ ವರ್ಷದಲ್ಲಿ ಬಣ್ಣ ನೋಡಲು ಶುರು ಮಾಡಿದರು ಅಂದರೆ ನಾನು ನಂಬಲಾರೆ.

ನಾನು ಯಾವ ಕಡೆಯವನು ಅಂತ ನಿನಗೆ ಗೊತ್ತು, ರಿಪಬ್ಲಿಕನ್ ಪಕ್ಷದ ಕಡೆ. ಸರ್ಕಾರ ಕೈ ಬಿಗಿ ಹಿಡಿದು ಖರ್ಚು ಮಾಡಬೇಕು, ತೆರಿಗೆ ಕಡಿಮೆ ಇರಬೇಕು, ನಿಯಮಗಳು ಪದೇ ಪದೇ ಬದಲಾಗಬಾರದು ಅನ್ನುವವನು. ಸಣ್ಣಪುಟ್ಟ ಅಂಗಡಿ, ಗ್ಯಾರೇಜುಗಳ ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಈ ಎರಡು ವರ್ಷವನ್ನು ನಾನು ನೋಡಿದ್ದು ಅವರ ಪುಸ್ತಕಗಳಲ್ಲಿ.

ಮೊದಲು ನ್ಯಾಯದ ಮಾತು. ಈ ನಿರುದ್ಯೋಗದ ರೋಗ ಒಬಾಮಾ ತಂದದ್ದಲ್ಲ. ನಮ್ಮ ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಬಾಗಿಲು ಹಾಕಿದ್ದು 2008ರ ಡಿಸೆಂಬರ್‌ನಲ್ಲಿ, ಅವರು ಪ್ರಮಾಣವಚನ ತಗೊಳ್ಳುವ ಮುಂಚೆ. ವಿಲ್ಮಿಂಗ್ಟನ್ ಅನ್ನೋ ಪುಟ್ಟ ಊರಿನಲ್ಲಿ ಕೊರಿಯರ್ ಕಂಪನಿ ಡಿಎಚ್‌ಎಲ್ ತನ್ನ ಕೆಲಸ ನಿಲ್ಲಿಸಿ ಸುಮಾರು 8,000 ಜನರ ಅನ್ನ ಹೋಯಿತು, ಆ ತೀರ್ಮಾನವೂ ಮೊದಲೇ ಆಗಿತ್ತು. ಜನ ಅದನ್ನು ಒಬಾಮಾ ತಲೆಗೆ ಕಟ್ಟಲಿಲ್ಲ. ಕಾದರು.

ಹಾಗಾದರೆ ತಾಳ್ಮೆ ಎಲ್ಲಿ ತಪ್ಪಿತು? 2009ರ ಜನವರಿಯಲ್ಲಿ ಒಬಾಮಾರ ಅರ್ಥಶಾಸ್ತ್ರಜ್ಞರಾದ ಕ್ರಿಸ್ಟಿನಾ ರೋಮರ್ ಮತ್ತು ಜೇರ್ಡ್ ಬರ್ನ್‌ಸ್ಟೈನ್ ಒಂದು ನಕ್ಷೆ ಹಾಕಿ ತೋರಿಸಿದರು. ಸರ್ಕಾರ ಹಣ ಸುರಿದರೆ ನಿರುದ್ಯೋಗ ಶೇ 8 ಮುಟ್ಟುವ ಮುಂಚೆಯೇ ಇಳಿಯುತ್ತದೆ, ಸುರಿಯದಿದ್ದರೆ ಶೇ 9ರ ತನಕ ಹೋಗುತ್ತದೆ ಅಂತ. ಮುಂದಿನ ತಿಂಗಳೇ 78,700 ಕೋಟಿ ಡಾಲರ್‌ನ ಮಸೂದೆ ಪಾಸಾಯಿತು. ಸಂಸತ್ತಿನ ಕೆಳಮನೆಯಲ್ಲಿ ಒಬ್ಬ ರಿಪಬ್ಲಿಕನ್ ಕೂಡ ಅದಕ್ಕೆ ಮತ ಹಾಕಲಿಲ್ಲ, ಸೆನೆಟ್‌ನಲ್ಲಿ ಮೂವರು ಹಾಕಿದರು. ಅದೇ ಅಕ್ಟೋಬರ್ ಹೊತ್ತಿಗೆ ನಿರುದ್ಯೋಗ ಶೇ 10 ಮುಟ್ಟಿತು. ಏನೂ ಮಾಡದಿದ್ದರೆ ಆಗುತ್ತದೆ ಅಂದಿದ್ದಕ್ಕಿಂತ ಜಾಸ್ತಿ! ಬಿಕ್ಕಟ್ಟು ನಾವಂದುಕೊಂಡದ್ದಕ್ಕಿಂತ ಆಳವಾಗಿತ್ತು ಅಂತ ಅವರು ಈಗ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಆಳ ಗೊತ್ತಿಲ್ಲದೆ ಅಷ್ಟು ಖಚಿತವಾಗಿ ಒಂದು ಸಂಖ್ಯೆ ಹೇಳಿದ್ದು ಯಾಕೆ? ಕೆಲಸ ಕಳೆದುಕೊಂಡವನು ಆ ಸಂಖ್ಯೆ ಮರೆಯುವುದಿಲ್ಲ, ಅಲ್ವಾ? ಈ ಅಕ್ಟೋಬರ್‌ನಲ್ಲೂ ಅದು ಶೇ 9.6.

ಇದರ ಮೇಲೆ ಈ ಬೇಸಿಗೆಯನ್ನು 'ಚೇತರಿಕೆಯ ಬೇಸಿಗೆ' ಅಂತ ಸರ್ಕಾರವೇ ಕರೆಯಿತು. ಸೆಪ್ಟೆಂಬರ್ 20ರಂದು ತಜ್ಞರ ಸಮಿತಿ ಆರ್ಥಿಕ ಹಿಂಜರಿತ 2009ರ ಜೂನ್‌ನಲ್ಲೇ ಮುಗಿದಿತ್ತು ಅಂತ ಘೋಷಿಸಿತು. ಅದೇ ದಿನ ಟೀವಿ ಸಭೆಯೊಂದರಲ್ಲಿ ಒಬಾಮಾಗೆ ಮತ ಹಾಕಿದ್ದ ಕಪ್ಪು ಹೆಂಗಸೊಬ್ಬರು ಎದ್ದು ನಿಂತು, ನಿಮ್ಮನ್ನು ಸಮರ್ಥಿಸಿಕೊಂಡು ಸಮರ್ಥಿಸಿಕೊಂಡು ಸುಸ್ತಾಗಿದ್ದೇನೆ ಅಂತ ಅವರ ಮುಖಕ್ಕೇ ಹೇಳಿದರು. ಬಣ್ಣದ ಮಾತು ಎತ್ತಿದೆಯಲ್ಲ, ಆ ಹೆಂಗಸಿನ ಮಾತಿಗೆ ನೀನು ಏನು ಹೇಳುತ್ತೀಯ?

ಇನ್ನು ಹಣ ಹೋದದ್ದು ಎಲ್ಲಿಗೆ ಅಂತ ನೋಡು. ಕಳೆದ ವರ್ಷ ಬೇಸಿಗೆಯಲ್ಲಿ ಹಳೆ ಕಾರು ತಂದುಕೊಟ್ಟು ಹೊಸದು ಕೊಂಡರೆ 3,500 ಅಥವಾ 4,500 ಡಾಲರ್ ಸರ್ಕಾರ ಕೊಡುತ್ತಿತ್ತು. ನಾನು ಲೆಕ್ಕ ನೋಡುವ ಒಬ್ಬ ಡೀಲರ್ ಹಿತ್ತಲಲ್ಲಿ ಅದನ್ನು ಕಣ್ಣಾರೆ ಕಂಡೆ. ಓಡಿಸಿಕೊಂಡೇ ಬಂದ ಕಾರು. ಅದರ ಎಂಜಿನ್ ಆಯಿಲ್ ಬಸಿದು, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತುತ್ತಾರೆ. ಸ್ವಲ್ಪ ಹೊತ್ತು ಗಡಗಡ ಅನ್ನುತ್ತದೆ, ಕೀಚಲು ಸದ್ದು ಬರುತ್ತದೆ, ಆಮೇಲೆ ಎಂಜಿನ್ ಗಟ್ಟಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಯಾರೂ ಮತ್ತೆ ಬಳಸಬಾರದು, ಅದು ನಿಯಮ. ಹೀಗೆ ಸುಮಾರು 7 ಲಕ್ಷ ಕಾರು, 300 ಕೋಟಿ ಡಾಲರ್. ದಿನಗೂಲಿಗೆ ಹೋಗುವವನು ಒಂದೆರಡು ಸಾವಿರಕ್ಕೆ ಕೊಳ್ಳುವುದು ಇಂಥ ಕಾರನ್ನೇ ಕಣೋ. ಅವನಿಗೆ ಸಿಗಬೇಕಾದ ಗಾಡಿಯನ್ನು ಅವನ ತೆರಿಗೆ ದುಡ್ಡಲ್ಲೇ ಕೊಂದರು. ಹೊಸ ಕಾರಿನ ವ್ಯಾಪಾರವೋ, ಯೋಜನೆ ಮುಗಿದ ಮರು ತಿಂಗಳೇ ಧಡಕ್ಕನೆ ಬಿತ್ತು, ಯಾಕಂದರೆ ಹೇಗೂ ಕೊಳ್ಳಬೇಕೆಂದಿದ್ದವರು ಸ್ವಲ್ಪ ಮುಂಚೆ ಕೊಂಡಿದ್ದರು ಅಷ್ಟೆ.

ನಮ್ಮ ರಾಜ್ಯದ ರೈಲಿನ ಕಥೆಯೂ ಇದೆ. ಕ್ಲೀವ್‌ಲ್ಯಾಂಡ್‌ನಿಂದ ಕೊಲಂಬಸ್, ಡೇಟನ್ ಮೇಲೆ ಸಿನ್ಸಿನಾಟಿಗೆ ರೈಲು ಬಿಡಲು 40 ಕೋಟಿ ಡಾಲರ್ ಮಂಜೂರಾಯಿತು. ಹೈಸ್ಪೀಡ್ ರೈಲಿನ ಹೆಸರಲ್ಲಿ ಬಂದ ಹಣ ಅದು. ಮೊದಲ ಅಂದಾಜಿನಲ್ಲಿ ಸರಾಸರಿ ವೇಗ ಗಂಟೆಗೆ 39 ಮೈಲಿ. ಕಾರಲ್ಲಿ ಅದಕ್ಕಿಂತ ಎಷ್ಟೋ ಬೇಗ ತಲುಪಬಹುದು. ಈಗ ಗವರ್ನರ್ ಆಗಿ ಗೆದ್ದಿರುವ ಜಾನ್ ಕೇಸಿಕ್ ಆ ರೈಲು ಸತ್ತಿತು ಅಂತ ಚುನಾವಣೆ ಮುಗಿದ ಕೂಡಲೇ ಹೇಳಿಬಿಟ್ಟರು. ಒಳ್ಳೆಯದೇ ಆಯಿತು.

ತೆರಿಗೆ ಕಡಿತವನ್ನೂ ಕೊಟ್ಟರಲ್ಲ ಅಂತ ನೀನು ಕೇಳಬಹುದು. ಕೊಟ್ಟರು, ದುಡಿಯುವವರಿಗೆ ವರ್ಷಕ್ಕೆ 400 ಡಾಲರ್. ಅದು ವಾರಕ್ಕೆ ಎಂಟೋ ಹತ್ತೋ ಡಾಲರ್ ಆಗಿ ಸಂಬಳದಲ್ಲಿ ಸೇರಿಹೋಯಿತು. ತೆರಿಗೆ ಇಳಿದಿದೆ ಅಂತ ನಾನೇ ಸಂಬಳದ ಚೀಟಿ ತೋರಿಸಿ ಹೇಳಿದರೂ ಜನ ನಂಬಲಿಲ್ಲ. ಎರಡು ವರ್ಷಕ್ಕೆ ಮುಗಿಯುವ ಇಂಥ ಹಣ ನೋಡಿ ಯಾರೂ ಬದುಕಿನ ಲೆಕ್ಕಾಚಾರ ಬದಲಿಸುವುದಿಲ್ಲ. ಮನುಷ್ಯ ಖರ್ಚು ಮಾಡುವುದು ಈ ತಿಂಗಳ ಆದಾಯ ನೋಡಿ ಅಲ್ಲ, ಮುಂದೆಯೂ ಬರುತ್ತದೆ ಅಂತ ನಂಬಿದ ಆದಾಯ ನೋಡಿ ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1957ರಲ್ಲೇ ಬರೆದಿದ್ದರು.

ನನ್ನ ಪಾಲಿಗೆ ಇಡೀ ವಿಷಯದ ತಿರುಳು ಇದೇ, ಮುಂದೇನು ಅನ್ನೋದು. ನನ್ನ ಗಿರಾಕಿಗಳಲ್ಲಿ ಒಬ್ಬರು ಗ್ಯಾರೇಜ್ ಇಟ್ಟಿದ್ದಾರೆ. ಟೈರು ಒಬ್ಬನ ಹತ್ತಿರ, ಆಯಿಲ್ ಇನ್ನೊಬ್ಬನ ಹತ್ತಿರ, ಬಿಡಿಭಾಗ ಹತ್ತಾರು ಕಡೆ ಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಬಂದ ಆರೋಗ್ಯ ಕಾನೂನಿನ ಒಳಗೆ ಒಂದು ಕಲಮು ಸೇರಿಸಿದ್ದಾರೆ. 2012ರಿಂದ ಯಾರ ಹತ್ತಿರವೇ ಆಗಲಿ ವರ್ಷಕ್ಕೆ 600 ಡಾಲರ್‌ನಷ್ಟು ಮಾಲು ಕೊಂಡರೂ ಅವರ ತೆರಿಗೆ ನಂಬರ್ ತಗೊಂಡು, 1099 ಅನ್ನೋ ಫಾರಂ ತುಂಬಿ ಅವರಿಗೊಂದು, ಸರ್ಕಾರಕ್ಕೊಂದು ಕಳಿಸಬೇಕು. ಆರೋಗ್ಯಕ್ಕೂ ಟೈರಿಗೂ ಏನು ಸಂಬಂಧ ಅಂತ ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬುಷ್ ಕಾಲದ ತೆರಿಗೆ ಕಡಿತ ಈ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಜನವರಿಯಲ್ಲಿ ತೆರಿಗೆ ಎಷ್ಟು ಅಂತ ಇವತ್ತಿಗೂ ಯಾರೂ ಹೇಳುತ್ತಿಲ್ಲ. ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕೆಲಸಕ್ಕೆ ತಗೊಳ್ಳೋಣವಾ ಅಂತ ಅವರು ನನ್ನ ಕೇಳಿದರು. ಸ್ವಲ್ಪ ಕಾಯಿರಿ ಅಂದೆ. ದೇಶದ ತುಂಬ ನನ್ನಂಥ ಲೆಕ್ಕಿಗರು ಇದೇ ಮಾತು ಹೇಳುತ್ತಿದ್ದರೆ ಕೆಲಸ ಎಲ್ಲಿಂದ ಹುಟ್ಟಬೇಕು ರವಿ? ಪಕ್ಷ ಸೋತ ಮರುದಿನ ಒಬಾಮಾ ಕೂಡ ಈ 1099 ಸಣ್ಣ ವ್ಯಾಪಾರಿಗಳಿಗೆ ಹೊರೆ ಅಂತ ಒಪ್ಪಿಕೊಂಡರು. ಮೊದಲೇ ಯಾರಾದರೂ ಓದಿ ನೋಡಿದ್ದರೆ ಏನು ಹೋಗುತ್ತಿತ್ತು!

ನಿಮ್ಮ ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಹುಟ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಹುಟ್ಟಿಸಿದರೆ ತೆರಿಗೆ ಕಡಿಮೆ ಬೀಳುವಂತಿದೆ, ಇದನ್ನು ಬದಲಿಸುತ್ತೇನೆ ಅಂತ ಒಬಾಮಾ 2009ರ ಮೇನಲ್ಲಿ ಹೇಳಿದ್ದು ನೆನಪಿದೆಯಲ್ಲ, ಅಲ್ಲಿ ದೊಡ್ಡ ಗಲಾಟೆಯಾಗಿತ್ತು. ಕಂಪನಿಗಳು ಹೊರದೇಶದ ಲಾಭವನ್ನು ಇಲ್ಲಿಗೆ ತರುವ ತನಕ ಇಲ್ಲಿ ತೆರಿಗೆ ಕಟ್ಟಬೇಕಿಲ್ಲ, ಅದು ನಿಜ. ಆದರೆ ಹಣ ಹೊರಗೇ ಉಳಿಯಲು ಕಾರಣ ಬೆಂಗಳೂರಲ್ಲ, ಇಲ್ಲಿನ ಶೇ 35ರ ಕಂಪನಿ ತೆರಿಗೆ. ಅದನ್ನು ಇಳಿಸಿ ಅಂತ ನಮ್ಮವರು ಹೇಳುತ್ತಲೇ ಬಂದರು. ಕೇಳಲಿಲ್ಲ. ಬದಲಿಗೆ ಆಗಸ್ಟ್‌ನಲ್ಲಿ ಎಚ್1ಬಿ ಅನ್ನೋ ಕೆಲಸದ ವೀಸಾದ ಜನರೇ ಜಾಸ್ತಿ ಇರುವ ಕಂಪನಿಗಳ ವೀಸಾ ಶುಲ್ಕವನ್ನು 2,000 ಡಾಲರ್ ಏರಿಸಿದರು. ಅದೇ ತಿಂಗಳು ಇಲ್ಲಿನ ಡೆಮಾಕ್ರಟ್ ಗವರ್ನರ್ ಟೆಡ್ ಸ್ಟ್ರಿಕ್‌ಲ್ಯಾಂಡ್ ರಾಜ್ಯ ಸರ್ಕಾರದ ದುಡ್ಡಲ್ಲಿ ಹೊರದೇಶದಿಂದ ಸೇವೆ ಪಡೆಯುವಂತಿಲ್ಲ ಅಂತ ಆದೇಶ ಹೊರಡಿಸಿದರು. ಒಂದು ಕೆಲಸವೂ ಡೇಟನ್‌ಗೆ ವಾಪಸ್ ಬಂದದ್ದು ನಾನು ಕಾಣೆ. ಇಲ್ಲೇ 1884ರಲ್ಲಿ ಹುಟ್ಟಿದ ಎನ್‌ಸಿಆರ್ ಕಂಪನಿ ಕಳೆದ ವರ್ಷ ಮುಖ್ಯ ಕಚೇರಿಯನ್ನೇ ಕಿತ್ತುಕೊಂಡು ಹೋಯಿತು. ಬೆಂಗಳೂರಿಗಲ್ಲ, ಜಾರ್ಜಿಯಾಕ್ಕೆ, ಇದೇ ದೇಶದ ಇನ್ನೊಂದು ರಾಜ್ಯಕ್ಕೆ.

ಹಾಗಂತ ನಮ್ಮ ಪಕ್ಷದವರ ಬೆನ್ನು ತಟ್ಟಲು ನನಗೆ ಮನಸ್ಸಿಲ್ಲ. ಬ್ಯಾಂಕುಗಳಿಗೆ 70,000 ಕೋಟಿ ಡಾಲರ್ ಕೊಡುವ ಕಾನೂನಿಗೆ ಸಹಿ ಹಾಕಿದ್ದು ಬುಷ್. 2003ರಲ್ಲಿ ವಯಸ್ಸಾದವರ ಔಷಧಿ ಯೋಜನೆಯನ್ನು ಹಣ ಎಲ್ಲಿಂದ ಅಂತ ಹೇಳದೆ ತಂದದ್ದೂ ಅವರೇ. ಒಬಾಮಾ ಬಂದಾಗಲೇ ಸಾಲ 10.6 ಲಕ್ಷ ಕೋಟಿ ಡಾಲರ್ ಇತ್ತು, ಈಗ 13.7. ಕೆಳಮನೆಯಲ್ಲಿ 60ಕ್ಕೂ ಹೆಚ್ಚು ಸೀಟು ಕಿತ್ತುಕೊಂಡ ನಮ್ಮವರು ಮೊದಲ ವರ್ಷ 10,000 ಕೋಟಿ ಉಳಿಸುತ್ತೇವೆ ಅಂತ ಮಾತು ಕೊಟ್ಟಿದ್ದಾರೆ. ಕೊರತೆ ಇರುವುದು ಸುಮಾರು 1.3 ಲಕ್ಷ ಕೋಟಿ. ಅದರಲ್ಲೂ ವೃದ್ಧರ ಖರ್ಚು, ಸೈನಿಕರ ಖರ್ಚು ಮುಟ್ಟುವುದಿಲ್ಲವಂತೆ. ಆಗದ ಮಾತು. ಜನವರಿಯಲ್ಲಿ ಸ್ಪೀಕರ್ ಆಗಲಿರುವ ಜಾನ್ ಬೇನರ್ ಅವರ ಕ್ಷೇತ್ರ ಇಲ್ಲೇ ಪಕ್ಕದ್ದು. ಯಾವ ಖರ್ಚು ಕಡಿತಗೊಳಿಸುತ್ತೀರಿ ಅಂತ ಹೆಸರಿಟ್ಟು ಹೇಳಿ ಎಂದು ಅವರ ಕಚೇರಿಗೆ ಪತ್ರ ಬರೆಯುತ್ತಿದ್ದೇನೆ. ಒಬಾಮಾರನ್ನು ಕೇಳಿದ ಪ್ರಶ್ನೆಯನ್ನೇ ಇವರಿಗೂ ಕೇಳಬೇಕಲ್ಲ.

ಮೊನ್ನೆ ಮುಂಬೈಯಲ್ಲಿ ಒಬಾಮಾ 1,000 ಕೋಟಿ ಡಾಲರ್ ವ್ಯವಹಾರ ಘೋಷಿಸಿ, ಅದರಿಂದ ಅಮೆರಿಕದಲ್ಲಿ 50,000ಕ್ಕೂ ಹೆಚ್ಚು ಕೆಲಸ ಅಂದರು. ಅವರು ವ್ಯಾಪಾರದ ಪರ ಮಾತಾಡಿದ್ದು ನನಗೆ ಖುಷಿಯಾಯಿತು, ಎರಡು ವರ್ಷ ಮುಂಚೆಯೇ ಆಡಬೇಕಿತ್ತು. ನಿಮ್ಮ ಆಫೀಸಿನಲ್ಲಿ ಜನ ಅದನ್ನು ಹೇಗೆ ತಗೊಂಡರು, ಬರೆ. ತೆರಿಗೆ ವಿಷಯ ಏನಾಯಿತು ಅಂತ ಹೊಸ ವರ್ಷದಲ್ಲಿ ನಾನು ತಿಳಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಶ್ರೀಧರ